ಮೈದಾನದಲ್ಲಿ ಕೂಗಿದ ಹೆಸರು

ವುನಿವಾಉ, ಕಂಡಾವು ದ್ವೀಪ
ಮೇ ೪, ೧೯೮೭

ತವಲೆ ನೆಮಾನಿಗೆ,

ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದ ತಲುಪಿತು. ಓದಿ ಮುಗಿಸಿ ಲಕೋಟೆಯನ್ನು ತಿರುಗಿಸಿ ವಿಳಾಸ ನೋಡಿದೆ. ಯಾರೋ ದೊಡ್ಡ ಮನುಷ್ಯರ ಕಾಗದ ತಪ್ಪಿ ನನ್ನ ಮನೆಗೆ ಬಂದಿದೆಯೇನೋ ಅಂದುಕೊಂಡೆ. ‘ಪೂಜ್ಯ ಭಾವನವರಿಗೆ’ ಅಂತೆ. ‘ತಾವು ಕ್ಷೇಮವೆಂದು ನಂಬಿದ್ದೇನೆ’ ಅಂತೆ. ಮೂವತ್ತು ವರ್ಷದಿಂದ ನೀನು ನನ್ನನ್ನು ಕರೆದ ಹೆಸರುಗಳಲ್ಲಿ ಪಾದ್ರಿಯ ಎದುರು ಬಾಯಿಬಿಟ್ಟು ಹೇಳಬಹುದಾದದ್ದು ಒಂದೂ ಇಲ್ಲ. ಬಲೆಗೆ ಬಿದ್ದ ಮುದಿ ಆಮೆ, ಒದ್ದೆ ಸೀಮೆಸುಣ್ಣ, ನನ್ನ ಹೆಸರು ಕದ್ದ ಕಳ್ಳ. ಅಂಥವನು ಒಂದೇ ಸಲಕ್ಕೆ ಪೂಜ್ಯನಾಗಿಬಿಟ್ಟರೆ ಹೇಗೆ? ಓದುವಾಗ ನನಗೆ ಚಳಿ ಹತ್ತಿತು.

ತವಲೆ ಎಂದರೇನು? ಹೆಣ್ಣು ಕೊಟ್ಟು ತಂದ ಭಾವಮೈದುನರು. ಒಬ್ಬರನ್ನೊಬ್ಬರು ಬೈಯಬೇಕು, ಬೈಸಿಕೊಳ್ಳಬೇಕು, ಸಿಟ್ಟು ಮಾಡಿಕೊಳ್ಳಕೂಡದು. ಸಿಟ್ಟಾದವನು ಒಂದು ಹಂದಿ ದಂಡ ತೆರಬೇಕು. ‘ತವಲೆ ಬೈಯೋದು ಬಿಟ್ಟ ಅಂದ್ರೆ ನೆಂಟಸ್ತಿಕೆ ಬಿಟ್ಟ ಅಂತ ತಿಳ್ಕೊ’ ಎಂದು ನಮ್ಮ ಮದುವೆಯ ದಿನ ಹೇಳಿದ್ದು ನಿನ್ನ ಅಪ್ಪನೇ. ನಿನ್ನ ತಂಗಿ ತೊರಿಕಾ ಸತ್ತಳು, ನಿಜ. ನಾನಿನ್ನೂ ಸತ್ತಿಲ್ಲವಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ತಮ್ಮನ ಹೆಂಡತಿ ಹೊತ್ತಿಗೆ ಸರಿಯಾಗಿ ಊಟ ತಂದಿಡುತ್ತಾಳೆ. ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೆಂದ ಮೀನು. ರುಚಿಯಾಗಿಯೇ ಇರುತ್ತದೆ, ತೊಂದರೆಯೇ ಅದು. ನಿನ್ನ ತಂಗಿ ಉಪ್ಪು ಮರೆಯುತ್ತಿದ್ದಳು. ಊಟದ ಹೊತ್ತಿಗೆ ಜಗಳಕ್ಕೊಂದು ಕಾರಣವಾದರೂ ಇರುತ್ತಿತ್ತು.

ಇನ್ನು ನನ್ನ ಕಟ್ಟಿನ ವಿಷಯ. ಅವಳ ಮಣ್ಣಿನ ದಿನ ನಿಮ್ಮ ಕಡೆಯ ಹಿರಿಯರು ‘ನೂರನೆಯ ರಾತ್ರಿಯವರೆಗೆ ಯಾರು ಯಾವುದನ್ನು ಬಿಡುತ್ತೀರಿ?’ ಎಂದು ಕೇಳಿದರಲ್ಲ, ಒಬ್ಬ ಹಂದಿಮಾಂಸ ಎಂದ, ಒಬ್ಬ ತಂಬಾಕು ಎಂದ. ನಾನು ರಗ್ಬಿ ಎಂದೆ. ಆಡುವುದಿಲ್ಲ (ಈ ಮಂಡಿ ಇಟ್ಟುಕೊಂಡು ಅದೇನು ದೊಡ್ಡ ತ್ಯಾಗ), ನೋಡುವುದಿಲ್ಲ, ರೇಡಿಯೊದಲ್ಲಿ ಕೇಳುವುದೂ ಇಲ್ಲ. ಅವಳು ಹೋದ ಮೇಲೆ ಅದಕ್ಕಿಂತ ಪ್ರಿಯವಾದದ್ದು ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ. ಪಕ್ಕದ ಮನೆಯ ಸೆತರೇಕಿ ನನ್ನ ಕಿವಿಯಲ್ಲಿ ಉಸುರಿದ: ‘ಮೇಷ್ಟ್ರೇ, ಹಂದಿಮಾಂಸ ಅಂದಿದ್ರೆ ಆಗ್ತಿತ್ತಲ್ಲ. ಏನ್ ಅವಸರ ಇತ್ತು ನಿಮ್ಗೆ?’

ಅವನು ಹೇಳಿದ್ದು ಈಗ ತಿಳಿಯುತ್ತಿದೆ. ಈ ತಿಂಗಳ ಕೊನೆಗೆ ನ್ಯೂಜಿಲೆಂಡಿನಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಮೊಟ್ಟಮೊದಲ ವಿಶ್ವಕಪ್ ಆಡುತ್ತಾರಂತೆ. ನಮ್ಮ ಹುಡುಗರೂ ಹೋಗುತ್ತಿದ್ದಾರೆ. ನನ್ನ ನೂರನೆಯ ರಾತ್ರಿ ಬರುವುದು ಜೂನ್ ಕೊನೆಗೆ, ಕಪ್ ಗೆದ್ದವರು ಅದರಲ್ಲಿ ಕುಡಿದು ತೊಳೆದಿಟ್ಟ ಮೇಲೆ. ಕಟ್ಟು ಬಿಚ್ಚುವ ಹಕ್ಕು ನನಗಿಲ್ಲ, ಪಾದ್ರಿಗಿಲ್ಲ. ಅವಳ ಅಣ್ಣನಾದ ನೀನು ತಿಮಿಂಗಿಲದ ಹಲ್ಲು ಹಿಡಿದು ಬಂದು ಬಿಚ್ಚಬೇಕು. ಇದನ್ನು ಸುಮ್ಮನೆ ಬರೆದೆ. ಏನನ್ನೂ ಕೇಳುತ್ತಿಲ್ಲ.

ಈ ಕಾಗದಕ್ಕೆ ಉತ್ತರವಾಗಿ ನಾಲ್ಕು ಬೈಗುಳ ನಿರೀಕ್ಷಿಸುತ್ತೇನೆ. ಮೂರಾದರೂ ಅಡ್ಡಿಯಿಲ್ಲ.

ನಿನ್ನ
ಅಪೊರೋಸ


ಮಾತಾಸೇವು
ಮೇ ೧೩, ೧೯೮೭

ಪೂಜ್ಯ ಭಾವನವರಿಗೆ ನೆಮಾನಿಯ ವಂದನೆಗಳು.

ತಮ್ಮ ಕಾಗದವನ್ನು ನರ್ಸಮ್ಮ ಮೆರೆವಲೇಸಿಯವರು ತಮ್ಮ ದೋಣಿಯಲ್ಲಿ ತಂದು ಕೊಟ್ಟರು. ನಾವೆಲ್ಲ ಕ್ಷೇಮ.

ನೂರನೆಯ ರಾತ್ರಿಗೆ ನಮ್ಮ ಕಡೆಯಿಂದ ಆಗಬೇಕಾದದ್ದೆಲ್ಲ ಆಗುತ್ತಿದೆ. ಹೆಂಗಸರು ಚಾಪೆ ಹೆಣೆಯುತ್ತಿದ್ದಾರೆ. ಗೆಣಸು ಅಗೆಯುವುದು ಮಾತ್ರ ಬಾಕಿ. ತಾವು ಯಾವುದಕ್ಕೂ ಚಿಂತಿಸಬೇಕಾಗಿಲ್ಲ.

ತಾವು ತವಲೆಯ ವಿಷಯ ಬರೆದದ್ದನ್ನು ಓದಿದೆ. ಬೈಯಲು ಬಾಯಿ ಬರುತ್ತಿಲ್ಲ. ಕ್ಷಮಿಸಬೇಕು. ವಿಶ್ವಕಪ್ ಬಗ್ಗೆ ಇಲ್ಲಿಯೂ ಎಲ್ಲರೂ ಮಾತಾಡುತ್ತಾರೆ. ನನಗೆ ಆಸಕ್ತಿಯಿಲ್ಲ.

ಸಮಾಧಿಗೆ ಹೊದಿಸಿದ ಬಟ್ಟೆ ಗಾಳಿಗೆ ಹರಿದಿದೆಯೆಂದು ನರ್ಸಮ್ಮ ಹೇಳಿದರು. ಹೊಸ ಬಟ್ಟೆ ಅವರ ಕೈಯಲ್ಲೇ ಕಳುಹಿಸಿದ್ದೇನೆ. ನೀಲಿಯದು. ಅವಳಿಗೆ ನೀಲಿ ಇಷ್ಟವಿತ್ತೋ ಇಲ್ಲವೋ ನನಗೆ ತಿಳಿಯದು. ಯಾವತ್ತೂ ಕೇಳುವಂತಿರಲಿಲ್ಲ.

ತಮ್ಮ ವಿಧೇಯ
ನೆಮಾನಿ


ವುನಿವಾಉ
ಮೇ ೨೬, ೧೯೮೭

ತವಲೆ,

ನೀಲಿ ಅವಳಿಗೆ ಇಷ್ಟವಿತ್ತು. ಬಟ್ಟೆಯನ್ನು ಹಿತ್ತಿಲಿನ ಸಮಾಧಿಗೆ ಹೊದಿಸಿ ನಾಲ್ಕು ಮೂಲೆಗೆ ಹವಳದ ಕಲ್ಲು ಇಟ್ಟಿದ್ದೇನೆ. ಇನ್ನು ಗಾಳಿಯ ಆಟ ನಡೆಯುವುದಿಲ್ಲ.

ರಾಜಧಾನಿ ಸುವಾದಲ್ಲಿ ಆದದ್ದು ನಿನಗೂ ಗೊತ್ತಿರುತ್ತದೆ. ಸೈನಿಕರು ಸಂಸತ್ತಿಗೆ ನುಗ್ಗಿದ ದಿನದಿಂದ ಇಲ್ಲಿ ರೇಡಿಯೊ ಹಾಕಿದರೆ ಜನ ದನಿ ತಗ್ಗಿಸಿ ಕೂರುತ್ತಿದ್ದರು. ಯಾರ ಮುಖದಲ್ಲೂ ಕಳೆಯಿರಲಿಲ್ಲ. ಮೊನ್ನೆ ಭಾನುವಾರ ಮಾತ್ರ ಊರು ಊರಾಯಿತು. ಅರ್ಜೆಂಟೀನದ ಮೇಲೆ ನಮ್ಮ ಮೊದಲ ಆಟ.

ನಾನು ಪ್ರಾರ್ಥನೆ ಮುಗಿಸಿ ನೇರ ಬೆಟ್ಟದ ಮೇಲಿನ ತೋಟಕ್ಕೆ ಹತ್ತಿದೆ. ಭಾನುವಾರ ಕೆಲಸ ಮಾಡುವಂತಿಲ್ಲ, ಆದ್ದರಿಂದ ಗೆಣಸಿನ ಬಳ್ಳಿಗಳ ನಡುವೆ ಸುಮ್ಮನೆ ಕೂತೆ. ರೇಡಿಯೊ ಅಲ್ಲಿಗೆ ಕೇಳುವುದಿಲ್ಲ. ಆದರೆ ಊರು ಕೂಗಿದರೆ ಕೇಳುತ್ತದೆ, ನಾನೇನು ಮಾಡಲಿ? ಕೂಗಿನ ಆಕಾರ ನನಗೆ ಗೊತ್ತು. ಕಾಲಿನಿಂದ ಒದ್ದು ಗಳಿಸಿದ ಅಂಕಕ್ಕೆ ‘ಹೋ’ ಎಂದು ಗಿಡ್ಡ ಕೂಗು. ಚೆಂಡು ಹಿಡಿದು ಗೆರೆ ದಾಟಿ ಟ್ರೈ ಆದರೆ ಮೊದಲು ಒಂದು ಹೆಂಗಸಿನ ಕಿರುಚು, ಆಮೇಲೆ ಗಂಡಸರ ಕೂಗು, ಅದರ ಮೇಲೆ ನಾಯಿಗಳು. ಅಂಥ ಕೂಗು ಒಂದಾದ ಮೇಲೊಂದು ಬೆಟ್ಟ ಹತ್ತಿ ಬಂದವು. ಕಣ್ಣು ಮುಚ್ಚಿದೆ. ಯಾರ ಕೈಯಿಂದ ಯಾರ ಕೈಗೆ ಹೋಗಿರಬಹುದು ಎಂದು ನಾನೇ ಆಟ ಕಟ್ಟಿದೆ. ನಾನು ಕಟ್ಟಿದ ಆಟದಲ್ಲಿ ನಮ್ಮವರು ಒಂದು ಸಲವೂ ಚೆಂಡು ಬೀಳಿಸಲಿಲ್ಲ.

ಸಂಜೆ ಇಳಿದು ಬಂದಾಗ ಸೆತರೇಕಿ ಬಾಗಿಲಲ್ಲೇ ನಿಂತಿದ್ದ, ಮುಖದಲ್ಲಿ ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

‘ಮೇಷ್ಟ್ರೇ, ಇವತ್ತು ಮೀನು ಚೆನ್ನಾಗಿ ಬಿತ್ತು.’

‘ಭಾನುವಾರ ಮೀನಿಗೆ ಹೋದ್ಯೇನೋ, ಪಾಪಿ?’

‘ಕೇಳಿ ಇಲ್ಲಿ. ನಮ್ ದೋಣಿಗೆ ಇಪ್ಪತ್ತೆಂಟು. ಆ ಕಡೆ ದೋಣಿಯವ್ರಿಗೆ ಒಂಬತ್ತೇ ಒಂಬತ್ತು.’

‘ಯಾವ ಮೀನೋ?’

‘ಅದೆಲ್ಲಾ ಕೇಳ್ಬೇಡಿ. ಕಟ್ಟು ಮುರಿಯುತ್ತೆ.’

ಪಾದ್ರಿಯನ್ನು ಕೇಳಿದೆ, ಇದು ತಪ್ಪೋ ಸರಿಯೋ ಎಂದು. ಅವರು ‘ಮೀನಿನ ಲೆಕ್ಕ ಕೇಳೋದ್ರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ’ ಎಂದರು. ಅವರ ಗಂಟಲು ಕೂಗಿ ಕೂಗಿ ಒಡೆದಿತ್ತು.

ಇದನ್ನೆಲ್ಲ ಯಾರಿಗೆ ಹೇಳಲಿ ಎಂದು ನಿನಗೆ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷಿನ ಗಾದೆಯೊಂದು ಕಲಿಸಿದ್ದರು, ‘ಟೂ ಹೆಡ್ಸ್ ಆರ್ ಬೆಟರ್ ದ್ಯಾನ್ ಹಾಫ್ ಎ ಬ್ರೆಡ್’ ಅಂತಲೋ ಏನೋ. ಅರ್ಥ ಪೂರ್ತಿ ನೆನಪಿಲ್ಲ. ಇಬ್ಬರು ಕೂತರೆ ಅರ್ಧ ರೊಟ್ಟಿಯೂ ಸಾಲುತ್ತದೆ ಎಂದಿರಬೇಕು.

ನೀನು ಬೈಯದೇ ಇರುವುದರ ಬಗ್ಗೆ ಯೋಚಿಸಿದೆ. ನಾವು ಅಣ್ಣತಂಗಿಯರ ಬಾಯಿ ಕಟ್ಟಿದ ಜನ. ಮೈನೆರೆದ ಮೇಲೆ ತಂಗಿ ಅಣ್ಣನನ್ನು ಮಾತಾಡಿಸುವಂತಿಲ್ಲ, ಅವನ ಹೆಸರೆತ್ತುವಂತಿಲ್ಲ, ಅಣ್ಣ ಬಂದರೆ ಮುಖ ಆ ಕಡೆ. ನೀನು ನಮ್ಮ ಮನೆಗೆ ಬಂದಾಗಲೆಲ್ಲ ಅವಳು ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ನೀನು ನನ್ನನ್ನು ಬೈಯಲು ಶುರುಮಾಡುತ್ತಿದ್ದೆ. ಹೊಗೆಯಲ್ಲಿ ಅವಳ ಭುಜ ಕುಣಿಯುತ್ತಿತ್ತು. ನೀನು ಬೈಯುತ್ತಿದ್ದದ್ದು ನನ್ನನ್ನು. ನೋಡುತ್ತಿದ್ದದ್ದು ಆ ಭುಜವನ್ನು. ಅಲ್ಲವೇ?

ನಾಳೆ ನ್ಯೂಜಿಲೆಂಡಿನ ಮೇಲೆ ಆಟ. ನಾನು ಮತ್ತೆ ಬೆಟ್ಟಕ್ಕೆ.

ಅಪೊರೋಸ


ಮಾತಾಸೇವು
ಮೇ ೩೦, ೧೯೮೭

ಪೂಜ್ಯ ಭಾವನವರಿಗೆ,

ಇಂದು ಕೊಬ್ಬರಿಯ ದೋಣಿ ಆ ಕಡೆ ಹೊರಟಿದೆ. ಅದರಲ್ಲಿ ಈ ನಾಲ್ಕು ಸಾಲು.

ತಾವು ಬರೆದದ್ದು ಸರಿ. ನನ್ನ ತಂಗಿಯ ಮದುವೆಯಾದ ಮೇಲೆ ನಾನು ಅವಳಿಗೆ ಹೇಳಬೇಕೆಂದಿದ್ದದ್ದನ್ನೆಲ್ಲ ತಮ್ಮ ಮುಖ ನೋಡಿ ಹೇಳಿದೆ. ಮೀನು ಸಿಕ್ಕಿದ್ದು, ಮಗ ಹುಟ್ಟಿದ್ದು, ಅಮ್ಮನಿಗೆ ಕಣ್ಣು ಕಾಣದಾದದ್ದು. ಬೈಗುಳದ ನಡುವೆ ಅವನ್ನು ಸೇರಿಸುತ್ತಿದ್ದೆ. ಕೇಳಿಸಿಕೊಳ್ಳುವವಳು ಇಲ್ಲವಾದ ಮೇಲೆ ತಮ್ಮನ್ನು ಬೈದು ಏನು ಸುಖ?

ರೇಡಿಯೊದಿಂದ ಬ್ಯಾಟರಿ ತೆಗೆದಿಟ್ಟಿದ್ದೇನೆ. ನನಗೆ ಯಾವ ಕಟ್ಟೂ ಇಲ್ಲ. ಸುಮ್ಮನೆ ತೆಗೆದಿಟ್ಟಿದ್ದೇನೆ.

ತಮ್ಮ ವಿಧೇಯ
ನೆಮಾನಿ


ವುನಿವಾಉ
ಜೂನ್ ೨, ೧೯೮೭

ತವಲೆ,

ಇದನ್ನು ಓದುವ ಮೊದಲು ಬ್ಯಾಟರಿ ಹಾಕು. ಹಾಕಿದೆಯಾ? ಸರಿ.

ಎಲ್ಲ ಸೇರಿಸಿ ನೋಡಿದರೆ ನಾವು ಗೆದ್ದೆವೋ ಸೋತೆವೋ ದೇವರಿಗೂ ಗೊತ್ತಾಗಿರಲಿಕ್ಕಿಲ್ಲ. ನ್ಯೂಜಿಲೆಂಡಿನ ಆಟದ ದಿನ ಬೆಟ್ಟದ ಮೇಲಕ್ಕೆ ಒಂದೆರಡು ಕೂಗು ಬಿಟ್ಟರೆ ಏನೂ ಬರಲಿಲ್ಲ, ನಾಯಿಗಳೂ ಮಲಗಿದ್ದವು. ಸೆತರೇಕಿ ‘ಬಲೆ ಹರಿದುಹೋಯ್ತು ಮೇಷ್ಟ್ರೇ, ಎಪ್ಪತ್ತನಾಲ್ಕು ಮೀನು ಆ ಕಡೆ ದೋಣಿಗೆ’ ಎಂದ. ಆಮೇಲೆ ಇಟಲಿಯವರ ಮೇಲೆ ಮೂರೇ ಮೂರು ಮೀನಿನಿಂದ ಹೋಯಿತು. ಊರಲ್ಲಿ ಒಲೆ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ಮುಗಿಯಿತು, ನನ್ನ ಕಟ್ಟೂ ಉಳಿಯಿತು, ಮನಸ್ಸಿಗೂ ನೆಮ್ಮದಿ ಎಂದುಕೊಂಡು ಮಲಗಿದೆ.

ಇವತ್ತು ಬೆಳಗ್ಗೆ ಸೆತರೇಕಿ ಮೀನು ಬಲೆ ಎಲ್ಲ ಮರೆತು ಓಡಿ ಬಂದ. ‘ಮೇಷ್ಟ್ರೇ, ನಾವು ಮುಂದಕ್ಕೆ! ಕ್ವಾರ್ಟರ್ ಫೈನಲ್!’

‘ಎರಡು ಸೋತು ಹೆಂಗೋ ಮುಂದಕ್ಕೆ?’

‘ನಾವು, ಇಟಲಿ, ಅರ್ಜೆಂಟೀನ, ಮೂವ್ರೂ ಒಂದೊಂದೇ ಗೆದ್ದಿರೋದು. ಯಾರು ಜಾಸ್ತಿ ಟ್ರೈ ಹೊಡೆದ್ರು ಅಂತ ನೋಡಿದ್ರು. ನಾವೇ!’ ಆಮೇಲೆ ನಾಲಿಗೆ ಕಚ್ಚಿಕೊಂಡು, ‘ಅಯ್ಯೋ, ಮೀನು ಅನ್ಬೇಕಿತ್ತು’ ಎಂದ.

ನೋಡು ನೆಮಾನಿ, ಸೋತರೂ ಸರಿಯೇ, ಓಡಿ ಓಡಿ ಗೆರೆ ದಾಟಿದವನಿಗೆ ದಾರಿ ಬಿಡಿ ಎನ್ನುವ ನಿಯಮ. ನಮ್ಮ ಜನಕ್ಕೆಂದೇ ಅಳೆದು ಹೊಲಿಸಿದ ಅಂಗಿಯ ಹಾಗಿದೆ.

ಈ ಭಾನುವಾರ ಮಧ್ಯಾಹ್ನ ಆಕ್ಲೆಂಡಿನಲ್ಲಿ ಫ್ರಾನ್ಸಿನ ಮೇಲೆ. ಸೋತವರು ಮನೆಗೆ. ಪಾದ್ರಿ ಮಧ್ಯಾಹ್ನದ ಪ್ರಾರ್ಥನೆಯನ್ನು ಸಂಜೆಗೆ ಸರಿಸಿದ್ದಾರೆ. ‘ದೇವರೂ ಕೇಳ್ತಿರ್ತಾನೆ, ಆ ಹೊತ್ತಲ್ಲಿ ತೊಂದ್ರೆ ಕೊಡಬಾರ್ದು’ ಎಂದರು.

ಫ್ರಾನ್ಸಿನವರು ಸಾಮಾನ್ಯರಲ್ಲ, ಒಪ್ಪುತ್ತೇನೆ. ಗೋಡೆಯಂಥ ಮುಂದಿನ ಸಾಲು, ಬುದ್ಧಿವಂತ ಹಿಂದಿನ ಸಾಲು. ಆದರೆ ನಮ್ಮ ಹುಡುಗರನ್ನು ನೆನೆದರೆ ನನ್ನ ಎದೆ ಇಷ್ಟಗಲವಾಗುತ್ತದೆ. ಚೆಂಡಿಲ್ಲದಿದ್ದರೆ ಎಳೆ ತೆಂಗಿನಕಾಯಿ, ಅದೂ ಸಿಗದಿದ್ದರೆ ಚಿಂದಿ ತುಂಬಿದ ಬಾಟಲಿ ಹಿಡಿದು ಇಳಿತದ ಮರಳಿನಲ್ಲಿ ಆಡಿ ಬೆಳೆದವರು. ಅಲೆ ಬಂದು ಗೆರೆ ಅಳಿಸಿದರೆ ಹೊಸ ಗೆರೆ. ಹಿಡಿದರೆ ಬೀಳುವ ಮೊದಲು ಬೆನ್ನ ಹಿಂದಿನಿಂದ ಚೆಂಡು ಇನ್ನೊಬ್ಬನಿಗೆ. ಅಲ್ಲಿ ಇನ್ನೊಬ್ಬ ಇದ್ದಾನೆಂದು ಹೇಗೆ ಗೊತ್ತು? ಅವನನ್ನೇ ಕೇಳಿದರೆ ‘ಇರ್ತಾನಲ್ಲ’ ಎನ್ನುತ್ತಾನೆ. ಮಗುವಾಗಿದ್ದಾಗಿನಿಂದ ಪಕ್ಕದ ಚಾಪೆಯಲ್ಲಿ ಮಲಗಿದವನು ಅವನು, ಇರದೆ ಎಲ್ಲಿಗೆ ಹೋಗುತ್ತಾನೆ? ಹೊರಗಿನ ತರಬೇತುದಾರರು ‘ಎರಡು ಕೈಯಲ್ಲಿ ಹಿಡೀರೋ’ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ನಮ್ಮವರು ಒಂದೇ ಕೈಯಲ್ಲಿ ಹಿಡಿದು ಇನ್ನೊಂದನ್ನು ಗಾಳಿಗೆ ಬಿಟ್ಟು ಓಡುತ್ತಾರೆ. ತೊರಿಕಾ ಹೇಳುತ್ತಿದ್ದಳು: ‘ಎರಡು ಕೈಲಿ ಹಿಡಿದ್ರೆ ಅದು ಸಾಮಾನು ಕಣ್ರೀ. ಒಂದು ಕೈಲಿ ಹಿಡಿದ್ರೆ ಹಕ್ಕಿ.’ ಹಕ್ಕಿ ಹಾರಿಹೋಗಲೂಬಹುದು, ಅದು ಬೇರೆ ಮಾತು.

ಕಾಲೇಜಿನಲ್ಲಿ ‘ಫ್ಯೂಚರ್ ಪರ್ಫೆಕ್ಟ್’ ಎಂಬ ಒಂದು ಕಾಲ ಹೇಳಿಕೊಟ್ಟಿದ್ದರು. ಭಾನುವಾರ ಸಂಜೆಯ ಹೊತ್ತಿಗೆ ಆಗಿಹೋಗಿರುತ್ತದೆ ಅನ್ನುತ್ತೇವಲ್ಲ, ಅದು. ಆಗ ಅದರ ಉಪಯೋಗ ತಿಳಿದಿರಲಿಲ್ಲ. ಈಗ ಆ ಕಾಲಕ್ಕೆ ಹೆದರುತ್ತೇನೆ. ಆಗಿಹೋಗಿರುತ್ತದೆ, ನಾನು ಗೆಣಸಿನ ತೋಟದಲ್ಲಿ ಕೂತಿರುತ್ತೇನೆ. ಇನ್ನೊಂದು ಇಂಥ ದಿನ ಬರುವ ಹೊತ್ತಿಗೆ ನಾನು ಅವಳ ಪಕ್ಕದಲ್ಲಿ ಮಲಗಿರುತ್ತೇನೋ ಏನೋ.

ಮೊದಲನೆಯ ಕಾಗದದಲ್ಲಿ ‘ಕೇಳುತ್ತಿಲ್ಲ’ ಎಂದಿದ್ದೆ. ಈಗ ಕೇಳುತ್ತಿದ್ದೇನೆ. ಭಾನುವಾರದೊಳಗೆ ಬಂದು ಕಟ್ಟು ಬಿಚ್ಚು.

ಲಂಚವಾಗಿ ಒಂದು ಕಥೆ ಹೇಳುತ್ತೇನೆ. ಐವತ್ತಾರನೆಯ ಇಸವಿ, ಸುವಾದ ಆಲ್ಬರ್ಟ್ ಪಾರ್ಕು. ಸುವಾದವರ ಮೇಲೆ ನಮ್ಮ ಕಂಡಾವು. ಅಂಚಿನ ಓಟಗಾರ ನೀನು, ಬರಿಗಾಲು. ಮರುದಿನ ಪೇಪರಿನಲ್ಲಿ ‘ಕಂಡಾವುವಿನ ಅಪೊರೋಸನ ಮಿಂಚಿನ ಓಟ’ ಎಂದು ಅಚ್ಚಾಗಿ, ಅಂದಿನಿಂದ ನಾನು ನಿನ್ನ ಬಾಯಲ್ಲಿ ‘ನನ್ನ ಹೆಸರು ಕದ್ದ ಕಳ್ಳ’ ಆದದ್ದು. ಜನರೇ ಹಾಗೆ ಕೂಗಿದರು, ಪೇಪರಿನವರು ನಂಬಿದರು, ನನಗೇನು ಗೊತ್ತು ಎಂದು ನಾನು ಎಷ್ಟು ಸಲ ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಹೇಳಬಾರದೆಂದು ನನಗೆ ಅಪ್ಪಣೆಯಾಗಿತ್ತು. ಅಪ್ಪಣೆ ಮಾಡಿದವಳು ಈಗ ನೀಲಿ ಬಟ್ಟೆ ಹೊದ್ದು ಮಲಗಿದ್ದಾಳೆ. ಸತ್ತವರಿಗೆ ಮಾನದ ಹೆದರಿಕೆ ಇರಲಾರದು.

ನಾವಿಬ್ಬರೂ ಹಗ್ಗದ ಹತ್ತಿರವೇ ಕೂತಿದ್ದೆವು. ಮದುವೆಯಾಗಿ ಕೆಲವೇ ತಿಂಗಳು. ನೀನು ಚೆಂಡು ಹಿಡಿದೆ. ಮೂವರು ನಿನ್ನ ಮೇಲೆ ಬಂದರು. ನಿನಗೂ ಅಂಚಿನ ಗೆರೆಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿರಲಿಲ್ಲ. ಮೊದಲನೆಯವನನ್ನು ಭುಜದಿಂದ ದಾಟಿದೆ, ಎರಡನೆಯವನು ನಿನ್ನ ನೆರಳು ಹಿಡಿದ. ತೊರಿಕಾ ಎದ್ದು ನಿಂತಳು. ಬಾಯಿ ತೆರೆದಳು. ನಿನ್ನ ಹೆಸರು ಅವಳ ಗಂಟಲವರೆಗೆ ಬಂದದ್ದು ನನಗೆ ಕಂಡಿತು, ದೇವರಾಣೆ ಕಂಡಿತು. ಕೂಗುವಂತಿಲ್ಲ, ನುಂಗಲೂ ಆಗುತ್ತಿಲ್ಲ.

‘ಅಪೊರೋಸಾ! ಓಡು ಅಪೊರೋಸಾ! ಓಡೋ!’

ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನಾನು ಬೆಚ್ಚಿ ಎದ್ದುನಿಂತೆ, ಎಲ್ಲಿಗೆ ಓಡಬೇಕೆಂದು ತಿಳಿಯದೆ. ಅವಳಿಗೆ ನಾನು ಕಾಣಿಸಲೇ ಇಲ್ಲ. ಹಿಂದೆ ಕೂತವರು ಓಟಗಾರನ ಹೆಸರು ಅದೇ ಇರಬೇಕೆಂದು ತಾವೂ ಕೂಗಿದರು. ಒಂದು ಸುತ್ತಿನಲ್ಲಿ ಇಡೀ ಪಾರ್ಕು ಅಪೊರೋಸಾ ಅಪೊರೋಸಾ. ನೀನು ಗೆರೆ ದಾಟಿ ಬಿದ್ದೆ. ಅವಳು ಎರಡು ಕೈಯಿಂದ ಮುಖ ಮುಚ್ಚಿಕೊಂಡು ಕೂತಳು.

ಊರಿಗೆ ಬರುವ ದೋಣಿಯಲ್ಲಿ ಅಂದಳು: ‘ಹೇಳಿದ್ರೆ ನೋಡಿ. ಅಣ್ಣನಿಗೆ ಕೂಗಿದ್ಳು ಅಂತ ಗೊತ್ತಾದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ?’ ಆಮೇಲೆ ಎಷ್ಟೋ ದಿನ ಮರಗೆಣಸು ಸುಲಿಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ‘ಎಂಥಾ ಓಟರೀ ಅದು. ಕಾಲು ನೆಲಕ್ಕೆ ತಾಕ್ಲೇ ಇಲ್ಲ.’ ಯಾರ ಓಟವೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನೀನು ಬಂದು ಕಳ್ಳ ಎಂದು ಬೈದಾಗಲೆಲ್ಲ ಒಲೆಯ ಹತ್ತಿರ ಅವಳ ಭುಜ ಯಾಕೆ ಅಷ್ಟು ಕುಣಿಯುತ್ತಿತ್ತೆಂದು ಈಗ ತಿಳಿಯಿತೇ?

ನನ್ನ ಹೆಂಡತಿ ನನ್ನ ಹೆಸರನ್ನು ಹಾಗೆ ಬಾಯಿತುಂಬ ಕೂಗಿದ್ದು ಬದುಕಿನಲ್ಲಿ ಅದೊಂದೇ ಸಲ. ಅದೂ ನಿನಗೆ. ನಿಜವಾದ ಕಳ್ಳ ಯಾರು, ನೀನೇ ಹೇಳು.

ನಾಳೆ ನರ್ಸಮ್ಮನ ದೋಣಿ ಬರುತ್ತದೆ. ಉತ್ತರವನ್ನು ಯಾರ ಕೈಯಲ್ಲಾದರೂ ಕಳಿಸು. ಬಂದರೆ ಇನ್ನೂ ಒಳ್ಳೆಯದು.

ಅಪೊರೋಸ


ಮಾತಾಸೇವು
ಜೂನ್ ೪, ೧೯೮೭

ಗಡ್ಡ ಬಿಟ್ಟ ಮುದಿ ಹೋತಕ್ಕೆ,

ನಿನ್ನ ಕಾಗದವನ್ನು ನರ್ಸಮ್ಮನ ಎದುರಿಗೇ ಒಡೆದು ಓದಿದ್ದು ತಪ್ಪಾಯಿತು. ‘ಯಾರಾದ್ರೂ ಹೋಗ್ಬಿಟ್ರಾ?’ ಎಂದು ಆಕೆ ಗಾಬರಿಯಾಗಿ ನನ್ನ ನಾಡಿ ಹಿಡಿದರು. ಹೊಗೆ ಕಣ್ಣಿಗೆ ಹೋಯಿತು ಎಂದೆ. ಸಮುದ್ರದ ದಂಡೆಯಲ್ಲಿ ಯಾವ ಹೊಗೆ? ಊರಿನ ಎದುರು ನನ್ನ ಮಾನ ಕಳೆದೆ. ಮೂವತ್ತೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಲ್ಲೋ ಇದನ್ನು, ಕಪ್ಪೆ ನುಂಗಿದ ಹಾವಿನ ಹಾಗೆ! ನಿನಗೆ ಅಜೀರ್ಣವಾಗಲಿಲ್ಲವೇ?

ನನ್ನ ಹೆಸರು ಅವಳ ಬಾಯಲ್ಲಿ ಒಂದು ಸಲವೂ ಬರಲಿಲ್ಲವೆಂದು ತಿಳಿದಿದ್ದೆ. ನಿನ್ನ ಹೆಸರಿನ ಒಳಗೆ ಕೂತು ಬಂದಿತ್ತು. ಇಷ್ಟು ಕೆಟ್ಟ ಹೆಸರು ಇಷ್ಟು ಒಳ್ಳೆಯ ಕೆಲಸಕ್ಕೆ ಬಂತೆಂದರೆ ದೇವರು ದೊಡ್ಡವನು.

ಈಗ ವಿಷಯಕ್ಕೆ ಬರುತ್ತೇನೆ. ಕಟ್ಟು ಬಿಚ್ಚುವುದಿಲ್ಲ.

ಅಳಬೇಡ, ಪೂರ್ತಿ ಓದು. ನಮ್ಮ ಹಿರಿಯರನ್ನು ಕೂರಿಸಿ ಯಂಗೋನ ಬೇರಿನ ರಸ ಕುಡಿಸಿ ಕೇಳಿದೆ. ‘ಆಟಕ್ಕೋಸ್ಕರ ನೂರನೇ ರಾತ್ರಿ ಮುಂಚೆ ತರೋಕಾಗುತ್ತೇನೋ? ನಾಳೆ ಇನ್ನೊಬ್ಬ ಮೀನಿಗೋಸ್ಕರ ಕೇಳ್ತಾನೆ’ ಎಂದರು. ಅವರು ಹೇಳಿದ್ದು ನ್ಯಾಯ. ತೊರಿಕಾಳ ಹೆಸರಿನಲ್ಲಿ ನೀನು ನುಡಿದದ್ದು, ಅವಳ ಪಾಲಿಗೆ ಅದು ಪೂರ್ತಿ ಸಲ್ಲಬೇಕು. ಹಂದಿಮಾಂಸ ಬಿಟ್ಟವನು ಯಾರು ಬೇಕಾದರೂ ಆಗಬಹುದು. ರಗ್ಬಿ ಬಿಟ್ಟವನು ನೀನೊಬ್ಬನೇ. ಬೈಯುವ ಕಾಗದದಲ್ಲಿ ಇಂಥ ಮಾತು ಬರೆಯಬಾರದು, ಆದರೂ ಬರೆದೆ. ಬೇಕಾದರೆ ಹೊಡೆದುಹಾಕಿಕೊ.

ಆಮೇಲೆ ಆ ಮುದುಕರನ್ನು ಇನ್ನೊಂದು ಮಾತು ಕೇಳಿದೆ. ‘ಅಣ್ಣ ತಂಗಿ ಮಾತಾಡ್ಬಾರ್ದು ಸರಿ. ತಂಗಿ ಸತ್ತ ಮೇಲೆ?’ ಕೊನೆಗೆ ಹಿರಿಯಜ್ಜ ಹೇಳಿದ: ‘ಕೂಡದು ಅಂತ ನಮ್ಮಪ್ಪ ನಂಗೆ ಹೇಳಿಲ್ಲ. ಯಾಕಂದ್ರೆ ಹಿಂಗೆ ಯಾವ ಹುಚ್ಚನೂ ಕೇಳಿಲ್ಲ. ಹೋಗು, ಮಾತಾಡು.’

ಆದ್ದರಿಂದ ಶನಿವಾರದ ದೋಣಿಗೆ ಬರುತ್ತಿದ್ದೇನೆ. ನನ್ನ ಮಗ ತಂದುಕೊಟ್ಟ ರೇಡಿಯೊಗೆ ಕಿವಿಗೆ ಸಿಕ್ಕಿಸುವ ವೈರು ಇದೆ. ಅದರ ಸದ್ದು ನನ್ನ ಕಿವಿಗೆ ಬಿಟ್ಟರೆ ಇನ್ನಾರಿಗೂ ಇಲ್ಲ. ಭಾನುವಾರ ಮಧ್ಯಾಹ್ನ ನಿನ್ನ ಹಿತ್ತಿಲಿನಲ್ಲಿ ನನ್ನ ತಂಗಿಯ ಹತ್ತಿರ ಕೂತು, ಆಟ ಶುರುವಾದಲ್ಲಿಂದ ಮುಗಿಯುವವರೆಗೆ ಒಂದೊಂದು ಪಾಸನ್ನೂ ಅವಳಿಗೆ ಹೇಳುತ್ತೇನೆ. ಇಷ್ಟು ವರ್ಷ ಅವಳಿಗೆ ಕೇಳಲೆಂದು ನಿನಗೆ ಹೇಳಿದೆ. ಈ ಸಲ ಅವಳಿಗೇ ಹೇಳುತ್ತೇನೆ. ಆ ಹೊತ್ತಿನಲ್ಲಿ ಹಿತ್ತಿಲಿನಲ್ಲಿ ಯಾವುದಾದರೂ ಹೋತ ಕಟ್ಟಿಹಾಕಿದ್ದರೆ, ಅದರ ಕಿವಿಗೆ ಬಿದ್ದರೆ, ಅದು ನನ್ನ ತಪ್ಪಲ್ಲ.

ಹೇಳುತ್ತಾ ಹೇಳುತ್ತಾ ನನ್ನ ದನಿ ಒಡೆದರೆ ನೀನು ನಗಕೂಡದು. ಅವಳ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ.

ಮಲಗಲು ಒಳ್ಳೆಯ ಚಾಪೆ ಹಾಸು. ಹೋದ ಸಲ ಹಾಸಿದ್ದು ಮೊಸಳೆಯ ಬೆನ್ನಿನ ಹಾಗಿತ್ತು.

ನಿನ್ನ ತವಲೆ
ನೆಮಾನಿ


ವುನಿವಾಉ
ಜೂನ್ ೫, ೧೯೮೭

ಮೊಸಳೆಯ ತಮ್ಮನಿಗೆ,

ಸೆತರೇಕಿ ಕಟ್ಟಿಗೆ ತರಲು ನಿಮ್ಮ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಅವಸರದಲ್ಲಿ ಬರೆದದ್ದು. ನಿನ್ನ ಪೂರ್ತಿ ಕಾಗದವನ್ನು ಅವನಿಗೆ ಓದಿ ಹೇಳಿದೆ. ‘ಹಂಗಾದ್ರೆ ಭಾನುವಾರ ನನ್ ಮೀನು ಬೇಡ್ವಾ?’ ಎಂದು ಮುಖ ಸಣ್ಣಗೆ ಮಾಡಿಕೊಂಡ.

ನಾನು ಭಾನುವಾರ ಬೆಟ್ಟ ಹತ್ತುವುದಿಲ್ಲ. ಹಿತ್ತಿಲ ಬಾಗಿಲ ಹೊರಗೆ, ನಿಮ್ಮಿಬ್ಬರ ಕಡೆ ಬೆನ್ನು ಮಾಡಿ ಕೂತಿರುತ್ತೇನೆ. ನಿನ್ನ ತಂಗಿ ಅಷ್ಟು ವರ್ಷ ಹಾಗೆ ಕೂತಳು. ಒಂದು ಮಧ್ಯಾಹ್ನ ನನ್ನಿಂದಾಗದೇ? ಅಣ್ಣತಂಗಿ ಮಾತಾಡುವಾಗ ಗಂಡನಾದವನು ನಡುವೆ ಬಾಯಿ ಹಾಕಬಾರದು. ಭುಜ ಕುಣಿದರೆ ನೋಡದ ಹಾಗೆ ಮಾಡು.

ಒಂದೆರಡು ಮಾತು. ನಮ್ಮವರ ಟ್ರೈ ಮಾತ್ರ ಹೇಳಿ ಅವರದನ್ನು ನುಂಗುವ ಚಾಳಿ ನಿನಗಿದೆ. ಎಲ್ಲ ಹೇಳು. ಚೆಂಡು ಕೈ ಜಾರಿದರೆ ಜಾರಿತು ಎನ್ನು, ಅದನ್ನೂ ಮೆಚ್ಚಿಕೊಳ್ಳುವವಳು ಅವಳು. ಯಾರು ಯಾವ ಕಡೆಗೆ ಓಡಿದ, ಅವನ ಬೆನ್ನಿಗೆ ಯಾರಿದ್ದ, ಮೈದಾನ ಒದ್ದೆಯೋ ಒಣಗಿದೆಯೋ, ಒಂದನ್ನೂ ಬಿಡಬೇಡ. ಅವಸರ ಮಾಡಬೇಡ.

ಮತ್ತೆ, ಜೋರಾಗಿ ಹೇಳು ನೆಮಾನಿ. ಕೊನೆಕೊನೆಗೆ ಅವಳಿಗೆ ಕಿವಿ ಸ್ವಲ್ಪ ಮಂದವಾಗಿತ್ತು.

ಅಪೊರೋಸ